ಕೆರೆಯ ನೀರೂ ಹಿಂದಿನ ಮಳೆಯೇ

ಕಷ್ಟಕಾಲದಲ್ಲಿ ದೇವರನ್ನು ನೆನೆಯಲು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೈತುಂಬ ಹಣ ಬಂದ ವರ್ಷದಲ್ಲಿಯೂ ಆ ನೆನಪನ್ನು ಉಳಿಸಿಕೊಳ್ಳುವುದು ಅಭ್ಯಾಸದಿಂದಲೇ ಬರಬೇಕು, ಮತ್ತು ಆ ಅಭ್ಯಾಸ ಮನೆಯ ಲೆಕ್ಕದ ಪುಸ್ತಕದಿಂದಲೇ ಆರಂಭವಾಗಬೇಕು. ವಿನಯ ಎಂಬ ಪದಕ್ಕೆ ಹಣಕಾಸಿನಲ್ಲಿ ಒಂದು ನಿರ್ದಿಷ್ಟ ಅರ್ಥವಿದೆ: ಬಂದ ಆದಾಯದಲ್ಲಿ ತನ್ನ ದುಡಿಮೆಯ ಪಾಲೆಷ್ಟು, ತನ್ನ ಕೈಮೀರಿ ಒದಗಿದ್ದೆಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಬೇರ್ಪಡಿಸಿ ನೋಡುವುದು.

ಈ ಬೇರ್ಪಡಿಕೆಯ ಅಗತ್ಯ ಮಲೆನಾಡು ಮತ್ತು ಕೊಡಗಿನ ಕಾಫಿ ಬೆಳೆಗಾರರಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿ ಬೇರೆಯವರಿಗೆ ಅರ್ಥವಾಗುವುದು ಕಷ್ಟ. 50 ಕೆಜಿ ರೋಬಸ್ಟಾ ಚೆರ್ರಿಯಿಂದ, ಅಂದರೆ ಸಿಪ್ಪೆಸಹಿತ ಒಣಗಿಸಿದ ಹಣ್ಣಿನಿಂದ, ದೊರೆಯುವ ಶುದ್ಧ ಬೀಜದ ತೂಕಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ 26ರಿಂದ 28 ಕೆಜಿ. ಗೊಬ್ಬರ, ರೆಂಬೆ ಸವರುವ ಕಸಿ, ಹದವರಿತ ಕೊಯ್ಲು, ಕಣದಲ್ಲಿ ಹಣ್ಣನ್ನು ಹರವಿ ಮಗುಚಿ ಒಣಗಿಸುವ ಜಾಗ್ರತೆ, ಇವೆಲ್ಲ ಸೇರಿ ಈ ಅಂಕಿಯನ್ನು ಒಂದೆರಡು ಕೆಜಿ ಏರಿಸಬಲ್ಲವು. ಆದರೆ ಬೆಲೆ ನಿರ್ಧಾರವಾಗುವುದು ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲಿ, ರೋಬಸ್ಟಾಕ್ಕೆ ಲಂಡನ್ನಿನಲ್ಲಿ. ಅದು ಬೆಳೆಗಾರನನ್ನು ಕೇಳದೆ ಏರುತ್ತದೆ, ಕೇಳದೆ ಇಳಿಯುತ್ತದೆ.

1994ರ ಜೂನ್ ಮತ್ತು ಜುಲೈಯಲ್ಲಿ ಬ್ರೆಜಿಲಿನಲ್ಲಿ ಎರಡು ಬಾರಿ ಹೆಪ್ಪುಗಟ್ಟಿಸುವ ಚಳಿ ಬಿದ್ದು ಅಲ್ಲಿನ ತೋಟಗಳು ಕರಕಲಾದಾಗ, ಅರೇಬಿಕಾ ಬೆಲೆ ಪೌಂಡಿಗೆ ಎರಡು ಡಾಲರ್ ದಾಟಿತು. ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದ ಪೂಲ್ ವ್ಯವಸ್ಥೆ ಸಡಿಲಗೊಂಡು, ಮುಕ್ತ ಮಾರಾಟಕ್ಕೆ ದಾರಿಯಾಗುತ್ತಿದ್ದ ಕಾಲವೂ ಅದೇ ಆಗಿತ್ತು. ಈ ಅಂಕಣಕಾರನ ಕುಟುಂಬದ ಸಣ್ಣ ತೋಟದಲ್ಲಿ ಚೀಲಗಳ ಸಂಖ್ಯೆಯೂ ಔಟ್‌ಟರ್ನೂ ಹಿಂದಿನ ವರ್ಷದಷ್ಟೇ ಇದ್ದರೂ, ಹೆಚ್ಚಾಗಿ ಬಂದ ಹಣವಷ್ಟೂ ಪುಸ್ತಕದಲ್ಲಿ ಗಳಿಕೆ ಎಂಬ ಒಂದೇ ಶೀರ್ಷಿಕೆಯಡಿ ಸೇರಿತು. ಸಾವಿರಾರು ಮೈಲಿ ದೂರದ ಬೆಳೆಗಾರರ ನಷ್ಟದಿಂದ ಹುಟ್ಟಿದ ಬೆಲೆಯನ್ನು ಮನೆಯವರು ತಮ್ಮ ಜಾಣ್ಮೆಯ ಫಲವೆಂದು ನಂಬಿ, ಆ ಬೆಲೆ ನಿಲ್ಲುತ್ತದೆಂಬ ಭರವಸೆಯ ಮೇಲೆ ಸಾಲ ಮಾಡಿ ಪಕ್ಕದ ತೋಟವನ್ನು ಕೊಂಡರು. 2001ರಲ್ಲಿ ಅರೇಬಿಕಾ ಪೌಂಡಿಗೆ ಅರ್ಧ ಡಾಲರಿಗಿಂತ ಕೆಳಗಿಳಿದು, ಅದರ ಹಿಂದೆಯೇ ಸ್ಥಳೀಯ ಬೆಲೆಗಳೂ ಕುಸಿದಾಗ, ಕೊಂಡ ತೋಟವನ್ನು ಬಡ್ಡಿ ತೀರಿಸಲೆಂದೇ ಮಾರಬೇಕಾಯಿತು. ಎಡವಿದ್ದು ಮಾರುಕಟ್ಟೆಯ ಅಂದಾಜಿನಲ್ಲಿ ಎನ್ನುವುದಕ್ಕಿಂತ, ಒದಗಿ ಬಂದದ್ದನ್ನು ಗಳಿಸಿದ್ದೆಂದು ಬರೆದುಕೊಂಡದ್ದರಲ್ಲಿ ಎನ್ನುವುದು ಹೆಚ್ಚು ಸರಿ.

ಈ ವಿವೇಕ ಕನ್ನಡನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಹೆಚ್ಚಿನದನ್ನು ಮತ್ತೆ ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥನ ಪ್ರಸಿದ್ಧವಾಗಿದೆ. ಕಾಯಕವೆಂದರೆ ಪೂಜೆಯಾಗಿ ಮಾಡುವ ದುಡಿಮೆ, ದಾಸೋಹವೆಂದರೆ ದುಡಿದದ್ದನ್ನು ತನ್ನದೆನ್ನದೆ ಸಮಾಜಕ್ಕೆ ಅರ್ಪಿಸುವುದು. ಲಕ್ಕಮ್ಮ ಅಳೆದದ್ದು ಅಕ್ಕಿಯನ್ನಷ್ಟೇ ಅಲ್ಲ, ಮನೆಯೊಳಗೆ ಕಾಲಿಡುತ್ತಿದ್ದ ಆಸೆಯನ್ನು ಕೂಡ.

ಅಂಕಣಕಾರನ ಮನೆಯ ಲೆಕ್ಕದಲ್ಲಿ 2001ರ ನಂತರ ಎರಡು ಕಾಲಂಗಳಿವೆ. ಹಿಂದಿನ ಐದು ವರ್ಷಗಳ ಸರಾಸರಿ ಬೆಲೆಯವರೆಗಿನ ಹಣ ದುಡಿಮೆಯ ಕಾಲಮಿಗೆ ಸೇರುತ್ತದೆ, ಮನೆಯ ಖರ್ಚು ಅದರೊಳಗೇ ಮುಗಿಯಬೇಕು. ಅದಕ್ಕಿಂತ ಮೇಲಿನದು ಒದಗಿ ಬಂದದ್ದು. ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಮೊದಲೇ ದಾಸೋಹಕ್ಕೆ ತೆಗೆದಿಟ್ಟು, ಉಳಿದದ್ದರಲ್ಲಿ ಸಾಲ ತೀರಿಸಿ, ಒಂದು ವರ್ಷದ ತೋಟದ ಖರ್ಚಿನಷ್ಟನ್ನು ಠೇವಣಿಯಾಗಿ ಇಡಲಾಗುತ್ತದೆ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿದ ವರ್ಷ ಎರಡನೆಯ ಕಾಲಂ ಮೊದಲನೆಯದಕ್ಕಿಂತ ಉದ್ದವಾಯಿತು. ಆ ಹಣದಿಂದ ಕೂಲಿಲೈನಿನ ಸೋರುವ ಹೆಂಚುಗಳು ಬದಲಾದವು, ಹೊಸ ಜಮೀನನ್ನು ಮಾತ್ರ ಕೊಳ್ಳಲಿಲ್ಲ.

ಹೀಗೆ ಠೇವಣಿ ಇಡುವುದು ದೇವರ ಮೇಲಿನ ಭರವಸೆಗೆ ವಿರುದ್ಧವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರವನ್ನು ಕಾಫಿಯ ಹೂ ಅರಳಿಸುವ ಹೂಮಳೆಯೇ ಹೇಳುತ್ತದೆ. ಬೇಸಿಗೆಯ ಮೊದಲ ಹದಮಳೆ ಬಿದ್ದು ವಾರ ಹತ್ತು ದಿನಗಳಲ್ಲಿ ಕಾಫಿಗಿಡಗಳು ಬೆಳ್ಳಗೆ ಅರಳುವುದನ್ನು ಕಾಯುತ್ತಿದ್ದ ರೋಬಸ್ಟಾ ಬೆಳೆಗಾರರಲ್ಲಿ ಅನೇಕರು ಈಗ ಸ್ಪ್ರಿಂಕ್ಲರ್ ಹಾಕಿಸಿ, ಮುಗಿಲನ್ನು ನೋಡದೆ ಹೂ ಅರಳಿಸುತ್ತಾರೆ. ಆದರೆ ಪಂಪು ಎಳೆಯುವ ಕೆರೆಯ ನೀರು ಹಿಂದಿನ ಮಳೆಗಾಲ ಕೊಟ್ಟದ್ದೇ ಆಗಿದೆ. ಠೇವಣಿಯೂ ಅಂಥದೇ ಒಂದು ಕೆರೆ. ಅದನ್ನು ಕಟ್ಟಿಕೊಳ್ಳುವುದು ವಿವೇಕ, ತುಂಬಿಸಿದವನನ್ನು ಮರೆಯದಿರುವುದು ಭಕ್ತಿ. ಹೂಳೆತ್ತುವ ಕೆಲಸ ಮನುಷ್ಯನದು, ಕೋಡಿ ಹರಿದ ವರ್ಷ ಆ ನೀರನ್ನು ಕೆಳಗಿನ ಗದ್ದೆಗೆ ಬಿಡುವುದೂ ಅವನದೇ.