ಪಾಲಿಹೌಸ್ ತರಕಾರಿಗೆ ಎರೆಗೊಬ್ಬರ: ಯೂರಿಯಾ ಎಷ್ಟು ಇಳಿಸಬಹುದು?



ಕಾಫಿ, ಅಡಿಕೆಯ ಜೊತೆಗೆ ನಾಲ್ಕಾರು ಗುಂಟೆಯಲ್ಲಿ ಪಾಲಿಹೌಸ್ ಕಟ್ಟಿ ದೊಣ್ಣೆಮೆಣಸು, ಸೌತೆ ಬೆಳೆಯುವವರು ಮಲೆನಾಡಿನಲ್ಲೂ ಇದ್ದಾರೆ. ಅವರು ಕೇಳುವ ಪ್ರಶ್ನೆ ಒಂದೇ. ತೋಟದ ಕಸದಿಂದ ಎರೆಗೊಬ್ಬರ ಮಾಡಿಕೊಂಡರೆ ಅಂಗಡಿ ಗೊಬ್ಬರವನ್ನು ಪೂರ್ತಿ ಬಿಡಬಹುದೇ? ಪೂರ್ತಿ ಬಿಡಲಾಗದು, ಮೊದಲಿಗೆ ಸಾರಜನಕದ ಕಾಲುಭಾಗವನ್ನು ಇಳಿಸಬಹುದು. ನಾನು ಮೊದಲ ವರ್ಷ ಈ ಲೆಕ್ಕ ಹಾಕದೆ ಯೂರಿಯಾವನ್ನು ಒಮ್ಮೆಗೇ ನಿಲ್ಲಿಸಿಬಿಟ್ಟೆ. ದೊಣ್ಣೆಮೆಣಸು ಕಾಯಿ ಕಚ್ಚುವ ಹೊತ್ತಿಗೆ ಕೆಳಗಿನ ಎಲೆಗಳೆಲ್ಲ ಹಳದಿಗೆ ತಿರುಗಿದವು. ಕಾಯಿ ತಪ್ಪಿತು, ಸಾಲದ ಕಂತು ಮಾತ್ರ ತಪ್ಪಲಿಲ್ಲ.

ಲೆಕ್ಕ ಹೀಗಿದೆ. ಒಳ್ಳೆಯ ಎರೆಗೊಬ್ಬರದ ಒಣ ತೂಕದಲ್ಲಿ ಸಾರಜನಕ ಸುಮಾರು ಶೇಕಡಾ 1.5 ಇರುತ್ತದೆ. ಗೊಬ್ಬರದಲ್ಲಿ ಶೇಕಡಾ 40 ನೀರೇ ಇದ್ದರೆ, 100 ಕಿಲೊದಲ್ಲಿ ಒಣ ಪದಾರ್ಥ 60 ಕಿಲೊ, ಸಾರಜನಕ 900 ಗ್ರಾಂ. ಅದೂ ಒಂದೇ ಬೆಳೆಗೆ ಪೂರ್ತಿ ದಕ್ಕುವುದಿಲ್ಲ. ಅರ್ಧ ದಕ್ಕಿತೆಂದು ಹಿಡಿದರೆ 450 ಗ್ರಾಂ. ಯೂರಿಯಾದಲ್ಲಿ ಸಾರಜನಕ ಶೇಕಡಾ 46. ಅಂದರೆ 100 ಕಿಲೊ ಎರೆಗೊಬ್ಬರ ಹೆಚ್ಚುಕಡಿಮೆ 1 ಕಿಲೊ ಯೂರಿಯಾಕ್ಕೆ ಸಮ! ಗುಂಟೆಗೆ 2 ಕಿಲೊ ಸಾರಜನಕ ಕೊಡುತ್ತಿರುವವರು 100 ಕಿಲೊ ಎರೆಗೊಬ್ಬರ ಹಾಕಿ 1 ಕಿಲೊ ಯೂರಿಯಾ ತಗ್ಗಿಸಿದರೆ ಕಾಲುಭಾಗ ಇಳಿದಂತಾಯಿತು.

ಒಂದು ಕಿಲೊ ಯೂರಿಯಾಕ್ಕಾಗಿ ಇಷ್ಟು ಹೊರಬೇಕೇ ಎಂದು ಕೇಳಬಹುದು. ಯೂರಿಯಾ ಒಂದಕ್ಕೇ ಆದರೆ ಬೇಡ. ಆದರೆ ಪಾಲಿಹೌಸ್ ಒಳಗೆ ಮಳೆ ಬೀಳುವುದಿಲ್ಲ, ಮಣ್ಣು ತೊಳೆಯುವುದಿಲ್ಲ. ಹನಿ ನೀರಿನಲ್ಲಿ ಬಿಟ್ಟ ಗೊಬ್ಬರದ ಉಪ್ಪು ಮೇಲುಮಣ್ಣಿನಲ್ಲೇ ಕೂಡುತ್ತಾ ಹೋಗಿ ಮಡಿಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಬೇರು ನೀರಿದ್ದೂ ಹೀರಲಾರದು. ಎರೆಗೊಬ್ಬರ ಬಿದ್ದ ಮಣ್ಣು ಸಡಿಲವಾಗಿ, ತೇವ ಹಿಡಿದು, ಈ ಪೆಟ್ಟನ್ನು ತಕ್ಕಮಟ್ಟಿಗೆ ತಾಳುತ್ತದೆ. ಎರೆಗೊಬ್ಬರದಲ್ಲೂ ಉಪ್ಪಿನಂಶ ಇದೆಯಾದ್ದರಿಂದ ಬುಟ್ಟಿಗಟ್ಟಲೆ ಸುರಿಯುವುದೂ ತಪ್ಪೇ.

ಪೊಟ್ಯಾಷ್ ಮಾತ್ರ ಕಡಿಮೆ ಮಾಡಬೇಡಿ. ಕಾಯಿ ಬಿಡುವ ಬೆಳೆಗೆ ಅದು ಸಾರಜನಕದಷ್ಟೇ ಬೇಕು. ಕಾಫಿ ಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಷ್ ಚೆನ್ನಾಗಿದೆ, ಆದರೆ ನೀರು ತಾಗಿದರೆ ತೊಳೆದುಹೋಗುತ್ತದೆ. ಆದಕಾರಣ ಎರೆತೊಟ್ಟಿಗೆ ಮಾಡು ಬೇಕು. ಹಸಿ ಸಿಪ್ಪೆಯನ್ನು ನೇರವಾಗಿ ಹಾಕಿದರೆ ಕಾವೇರಿ ಹುಳ ಸಾಯುತ್ತದೆ. ಮೊದಲು ರಾಶಿ ಹಾಕಿ ಕಾವು ಇಳಿಸಿ.

ಅಡಿಕೆ ಸೋಗೆ, ಹಾಳೆಯಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ವಿಟ್ಲದ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರದವರು ರೂಢಿಗೆ ತಂದಿದ್ದಾರೆ. ಸಣ್ಣಗೆ ಕತ್ತರಿಸಿ, ಸಗಣಿ ನೀರು ಚಿಮುಕಿಸಿ, ಎರಡು ಮೂರು ವಾರ ಕೊಳೆಯಲು ಬಿಟ್ಟು, ಕೈಯಿಟ್ಟರೆ ತಂಪಾದ ಮೇಲೆ ಆಫ್ರಿಕಾ ಮೂಲದ ಯೂಡ್ರಿಲಸ್ ಹುಳ ಬಿಡಬೇಕು. ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ತೊಟ್ಟಿಯ ಸುತ್ತ ನೀರು ಕಟ್ಟಿ ಇರುವೆ ತಡೆಯಿರಿ, ಮೇಲೆ ಬಲೆ ಹಾಕಿ. ಹೆಗ್ಗಣಕ್ಕೂ ಕೋಳಿಗೂ ಇದು ಹಬ್ಬದೂಟ.

ನಮ್ಮವರು ಮರೆಯುವುದು ಮೈಲುತುತ್ತನ್ನು. ಕೊಳೆರೋಗಕ್ಕೆ ಬೋರ್ಡೋ ಹೊಡೆದ ತೋಟದ ಸೋಗೆ, ಹಾಳೆಗಳಿಗೆ ದ್ರಾವಣ ಅಂಟಿರುತ್ತದೆ. ಅದರ ತಾಮ್ರ ಎರೆಹುಳಕ್ಕೆ ವಿಷ, ಕೊಳೆತರೂ ಕರಗಿ ಹೋಗುವ ವಸ್ತುವಲ್ಲ. ಹುಳ ತೊಟ್ಟಿಯ ಗೋಡೆ ಹತ್ತತೊಡಗಿದರೆ ಇದನ್ನೂ ಸಂಶಯಿಸಿ. ಬೋರ್ಡೋ ಹೊಡೆಯುವ ಮೊದಲೇ, ಬೇಸಿಗೆಯಲ್ಲಿ ಬಿದ್ದ ಸೋಗೆಯನ್ನು ಬೇರೆ ಕೂಡಿಡುವುದು ಲೇಸು. ನೀಲಿ ಕಲೆ ಇದ್ದದ್ದನ್ನು ತೊಟ್ಟಿಗೆ ತರಬೇಡಿ.

ಗುಂಟೆಗೆ 100 ಕಿಲೊದಲ್ಲಿ ಅರ್ಧವನ್ನು ನಾಟಿಗೆ ಮುಂಚೆ ಮಡಿಗೆ ಬೆರೆಸಿ, ಉಳಿದದ್ದನ್ನು ತಿಂಗಳ ನಂತರ ಬುಡಕ್ಕೆ ಕೊಟ್ಟು ಮಣ್ಣು ಮುಚ್ಚಿ. ನಾಟಿಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ನಮ್ಮ ಕಡೆಯ ಮಣ್ಣು ಹುಳಿ, ಸುಣ್ಣ ಬೇಕಾಗಬಹುದು. ಸೊರಗು ರೋಗ ಬಂದ ಮಡಿಗೆ ಎರೆಗೊಬ್ಬರ ಔಷಧವಲ್ಲ.

ಈ ಸಲ ಎರಡೇ ಮಡಿಯಲ್ಲಿ ಮಾಡಿ ನೋಡಿ. ಪಕ್ಕದ ಎರಡು ಮಡಿಗೆ ಹಿಂದಿನಂತೆಯೇ ಗೊಬ್ಬರ ಕೊಡಿ. ಪ್ರತಿ ಕೊಯ್ಲಿನ ಕಾಯಿಯನ್ನು ಬೇರೆ ಬೇರೆ ತೂಗಿ ಬರೆದಿಡಿ. ತೂಕದ ಚೀಟಿಯನ್ನು ಸಂಘದ ಕಚೇರಿಗೆ ತಂದುಕೊಟ್ಟರೆ ಈ ಪತ್ರಿಕೆಯಲ್ಲಿ ಎಲ್ಲರಿಗೂ ತಿಳಿಸೋಣ.