ನೀರು ಬದಲಾದರೆ ಲೆಕ್ಕವೂ ಬದಲಾಗಲಿ

ಪ್ರಶ್ನೆ: ನಾನೂ ಗೆಳೆಯನೂ ಸ್ಕೂಬಾ ತರಬೇತಿ ಮುಗಿಸಿದ್ದೇವೆ. ಡಿಸೆಂಬರಿನಲ್ಲಿ ನೇತ್ರಾಣಿಗೆ ಹೋಗಿದ್ದೆವು. ಮೊದಲ ಸಲ ಇಳಿದಾಗ ನೀರು ತಿಳಿಯಾಗಿತ್ತು. ಎರಡನೇ ಸಲ ಕದಡಿತ್ತು, ಸೆಳೆತವೂ ಜೋರಿತ್ತು. ಮೀನಿನ ಹಿಂಡು ಕಂಡ ಖುಷಿಗೆ ನಾನು ಹೆಬ್ಬೆರಳೆತ್ತಿ ತೋರಿಸಿದೆ. ಗೆಳೆಯ ಮೇಲೆ ಹೊರಟೇಬಿಟ್ಟ. ಇಬ್ಬರೂ ಬೇರೆಯಾದೆವು. ಎಡವಿದ್ದೆಲ್ಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಗೆಳೆಯ ನಿಮ್ಮ ಸನ್ನೆಯನ್ನು ಸರಿಯಾಗಿಯೇ ಓದಿದ್ದಾರೆ. ನೀರೊಳಗೆ ಹೆಬ್ಬೆರಳೆತ್ತಿದರೆ ‘ಭೇಷ್’ ಅಲ್ಲ, ‘ಮೇಲೆ ಹೋಗೋಣ’. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಕೂಡಿಸಿ ಸೊನ್ನೆ ಮಾಡಬೇಕು. ತೊಂದರೆಯಿದ್ದರೆ ಅಂಗೈ ಚಪ್ಪಟೆ ಹಿಡಿದು ಅಲುಗಾಡಿಸಿ, ಕಿವಿಯೋ ಮಾಸ್ಕೋ ಬೆರಳಿಟ್ಟು ತೋರಿಸಬೇಕು. ಆದರೆ ನಿಮ್ಮಿಂದ ಮರುಸನ್ನೆ ಬರುವ ಮೊದಲೇ ಅವರು ಹೊರಟದ್ದು ತಪ್ಪು. ಸನ್ನೆಗೆ ಸನ್ನೆ ಮರಳಿದಾಗಲೇ ಅಲ್ಲಿ ಮಾತು ಮುಗಿಯುವುದು.

ನನಗೆ ಹೆಚ್ಚು ಕಳವಳ ತಂದದ್ದು ಬೇರೆ: ಮೊದಲ ಡೈವಿನ ಲೆಕ್ಕವನ್ನೇ ಎರಡನೆಯದಕ್ಕೂ ಇಟ್ಟುಕೊಂಡಿದ್ದೀರಿ. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆ, ತೆರೆದ ಕಡಲಲ್ಲಿದೆ. ಹೊತ್ತೇರಿದಂತೆ ಕಡಲಗಾಳಿ ಏಳುತ್ತದೆ, ಉಬ್ಬರ ಇಳಿತದ ಜೊತೆ ಸೆಳೆತದ ದಿಕ್ಕೂ ತಿರುಗಬಹುದು. ಆದ್ದರಿಂದ ಪ್ರತಿ ಸಲವೂ ದೋಣಿಯ ಅಂಚಿಗೆ ಬಂದು ಲಂಗರಿನ ಹಗ್ಗವನ್ನೊಮ್ಮೆ ನೋಡಿ. ಅದರ ಬದಿಯಲ್ಲಿ ನೀರು ಯಾವ ಕಡೆ ಹರಿಯುತ್ತಿದೆ, ಎಷ್ಟು ಆಳದವರೆಗೆ ಹಗ್ಗ ಕಾಣುತ್ತಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಮೊದಲು ಸೆಳೆತಕ್ಕೆ ಎದುರಾಗಿ ಈಜಿ. ದಣಿದಾಗ ಅದೇ ನಿಮ್ಮನ್ನು ದೋಣಿಯ ಕಡೆ ತರುತ್ತದೆ.

10 ಮೀಟರ್ ಆಳದಲ್ಲಿ ಗಾಳಿ ಮೇಲಿನ ಎರಡರಷ್ಟು, 20 ಮೀಟರಿನಲ್ಲಿ ಮೂರರಷ್ಟು ಖರ್ಚಾಗುತ್ತದೆ. ಸೆಳೆತದ ವಿರುದ್ಧ ಕಾಲಾಡಿಸಿದರೆ ಇನ್ನೂ ಬೇಗ. 200 ಬಾರ್ ಸಿಲಿಂಡರಿನಲ್ಲಿ 100ಕ್ಕೆ ಹಿಂತಿರುಗುವ ರೂಢಿಯಿದ್ದರೆ, ಅಂಥ ದಿನ 120ಕ್ಕೇ ತಿರುಗಿ. ದೋಣಿ ಹತ್ತುವಾಗ 50 ಬಾರ್ ಉಳಿದಿರಲಿ.

ಕದಡಿದ ನೀರಿನಲ್ಲಿ ಜೊತೆಗಾರ ಕೈಗೆಟಕುವಷ್ಟು ಹತ್ತಿರವಿರಬೇಕು. ಕಾಣದಾದರೆ ಒಂದೇ ನಿಮಿಷ ಸುತ್ತ ಹುಡುಕಿ. ಆಮೇಲೆ ನಿಮಿಷಕ್ಕೆ 9 ಮೀಟರ್ ಮೀರದಂತೆ ನಿಧಾನವಾಗಿ ಮೇಲೇರಿ, ಅಲ್ಲಿ ಭೇಟಿಯಾಗಿ. ಇದನ್ನು ಇಳಿಯುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಂಡಿರಬೇಕು; ಒಳಗಿಳಿದ ಮೇಲೆ ಆ ಅವಕಾಶವಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟು ಅಷ್ಟು ದೂರ ಹೋಗಿ, ಹೆದರಿಕೆಯಾಯಿತೆಂದು ಇಳಿಯದೆ ಮರಳಬಹುದೆ?
– ಓದುಗರು, ಮೈಸೂರು

ಉತ್ತರ: ಖಂಡಿತ. ಯಾರು ಬೇಕಾದರೂ, ಯಾವ ಗಳಿಗೆಯಲ್ಲಾದರೂ, ಕಾರಣ ಹೇಳದೆಯೂ ಡೈವ್ ಕೈಬಿಡಬಹುದು. ಜಗತ್ತಿನಾದ್ಯಂತ ಡೈವರುಗಳು ಒಪ್ಪಿರುವ ಕಟ್ಟಳೆ ಇದು. ಒಲ್ಲೆ ಎಂದವರನ್ನು ದಯವಿಟ್ಟು ಒತ್ತಾಯಿಸಬೇಡಿ.