ತೂಕ ಇಳಿಸುವ ಔಷಧಗಳು: ಕಾಲವೇ ಪರೀಕ್ಷಕ

1972ರ ಬರಗಾಲವನ್ನು ಕಂಡ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಿರಿಯರಿಗೆ ತುಂಬಿದ ಮೈಯೇ ಸುಖದ ಗುರುತಾಗಿತ್ತು. ಇಂದು ತೂಕ ಇಳಿಸುವ ಚುಚ್ಚುಮದ್ದುಗಳು ನಮ್ಮ ದೇಶದಲ್ಲಿಯೂ ಮಾರಾಟಕ್ಕೆ ಬಂದಿವೆ. ಆದುದರಿಂದ ವಿದ್ಯಾರ್ಥಿಗಳೂ ಪಾಲಕರೂ ಇವುಗಳ ಗುಣದೋಷಗಳನ್ನು ಅರಿತಿರುವದು ಅವಶ್ಯ.

ಸ್ಥೂಲಕಾಯವು ಕೇವಲ ಹೊಟ್ಟೆಬಾಕತನದ ಫಲವಲ್ಲ. ವಂಶ, ಆಹಾರ, ನಿದ್ರೆ, ದುಡಿಮೆ, ಹಸಿವನ್ನು ಆಳುವ ದೇಹದ ರಸಗಳು ಇವೆಲ್ಲವೂ ಅದಕ್ಕೆ ಕಾರಣ. ತೂಕ ಇಳಿದರೆ ದೇಹವು ಹಸಿವನ್ನು ಹೆಚ್ಚಿಸಿ, ಕಳೆದುದನ್ನು ಮರಳಿ ಪಡೆಯಲು ಹವಣಿಸುವದು. ಇಂಥ ದೀರ್ಘರೋಗದ ಔಷಧವನ್ನು ವಾರಗಳಿಂದಲ್ಲ, ವರ್ಷಗಳಿಂದ ಅಳೆಯಬೇಕು.

ಇದಕ್ಕೊಂದು ನಿದರ್ಶನ ಸಿಬುಟ್ರಾಮಿನ್ ಎಂಬ ಗುಳಿಗೆ. ಅದು ಹಸಿವನ್ನು ತಗ್ಗಿಸುತ್ತಿತ್ತು, ತೂಕವೂ ಇಳಿಯುತ್ತಿತ್ತು. ಆದರೆ ಸುಮಾರು 10,000 ಜನರನ್ನು ಕೆಲವು ವರ್ಷ ಪರೀಕ್ಷಿಸಿದಾಗ, ಹೃದ್ರೋಗವುಳ್ಳವರಲ್ಲಿ ಹೃದಯಾಘಾತವೂ ಪಾರ್ಶ್ವವಾಯುವೂ ಹೆಚ್ಚಿದುದು ಕಂಡುಬಂದಿತು. 2010ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಅದನ್ನು ಹಿಂತೆಗೆದುಕೊಂಡರು. 2011ರಲ್ಲಿ ಭಾರತ ಸರಕಾರವೂ ನಿಷೇಧಿಸಿತು.

ಈಗಿನ ಸೆಮಾಗ್ಲುಟೈಡ್ ಬೇರೆ ಬಗೆಯದು. ಅದು ಊಟದ ನಂತರ ಕರುಳಿನಲ್ಲಿ ಹುಟ್ಟುವ ರಸವೊಂದನ್ನು ಹೋಲುವದು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಹಾರ-ವ್ಯಾಯಾಮಗಳ ಜೊತೆಗೆ ಇದನ್ನು ಪಡೆದವರ ತೂಕವು 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. 2023ರಲ್ಲಿ ಹೊರಬಂದ ಇನ್ನೊಂದು ಪರೀಕ್ಷೆಯಲ್ಲಿ 17,604 ಹೃದ್ರೋಗಿಗಳನ್ನು ಮೂರು ವರ್ಷಕ್ಕೂ ಮಿಕ್ಕಿ ಗಮನಿಸಲಾಯಿತು. ಹುಸಿಮದ್ದು ಪಡೆದ ಸಾವಿರ ಜನರಲ್ಲಿ 80 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಮರಣ ಸಂಭವಿಸಿದರೆ, ಔಷಧ ಪಡೆದವರಲ್ಲಿ ಆ ಸಂಖ್ಯೆ 65. ಇದು ಸಣ್ಣ ಲಾಭವಲ್ಲ.

ಆದರೆ ಔಷಧ ನಿಂತ ಮೇಲೆ? ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತು. ಅಂದರೆ 100 ಕಿಲೊಗ್ರಾಮಿನಿಂದ 85ಕ್ಕೆ ಇಳಿದವನು ಪುನಃ 95ಕ್ಕೆ ಏರಿದಂತೆ. ಆದ್ದರಿಂದ ಅನೇಕರು ಇದನ್ನು ಬಹುಕಾಲ ಪಡೆಯಬೇಕಾಗುವದು. ಅದರ ವೆಚ್ಚವನ್ನೂ ಮೊದಲೇ ಯೋಚಿಸಬೇಕು. ಓಕರಿಕೆ, ವಾಂತಿ, ಭೇದಿಗಳು ಸಾಮಾನ್ಯ. ಪಿತ್ತಕೋಶದ ಹರಳು, ವಿರಳವಾಗಿ ಮೇದೋಜೀರಕ ಗ್ರಂಥಿಯ ಉರಿಯೂತವೂ ಉಂಟಾಗಬಹುದು. ಕೊಬ್ಬಿನೊಡನೆ ಸ್ನಾಯುವೂ ಕರಗುವದರಿಂದ ಬೇಳೆಕಾಳು, ಹಾಲುಗಳನ್ನೊಳಗೊಂಡ ಆಹಾರವೂ ವ್ಯಾಯಾಮವೂ ಬೇಕೇಬೇಕು. ಗರ್ಭಿಣಿಯರಿಗೆ ಈ ಔಷಧ ಸಲ್ಲದು.

ಪಾಲಕರೇ, ನೆರೆಯವರ ಮಾತು ಕೇಳಿ ಅಂಗಡಿಯಿಂದ ಇಂಥ ಔಷಧವನ್ನು ತರಬೇಡಿರಿ. ವೈದ್ಯರ ಸಲಹೆಯಿಂದಲೇ ಪ್ರಾರಂಭಿಸಿರಿ, ಅವರನ್ನು ಕೇಳಿಯೇ ನಿಲ್ಲಿಸಿರಿ. ವಿದ್ಯಾರ್ಥಿಗಳೇ, ಮೈ ದಪ್ಪಗಿರುವ ಸಹಪಾಠಿಯನ್ನು ಅಡ್ಡಹೆಸರಿಟ್ಟು ನೋಯಿಸಬೇಡಿರಿ. ರೋಗಕ್ಕೆ ಚಿಕಿತ್ಸೆ ಬೇಕು, ರೋಗಿಗೆ ಗೌರವ ಬೇಕು.